ಜಪಾನಿನ ಮಳೆಗೆ ತಿಪಟೂರಿನ ಹರಕೆ

ಮಳೆಗಾಗಿ ಕತ್ತೆಗೆ ಮದುವೆ ಮಾಡಿಸಿದ್ದೇವೆ, ಕಪ್ಪೆಗೂ ಮಾಡಿಸಿದ್ದೇವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಮಳೆ ಬೇಡುವುದೇನೂ ಹೊಸದಲ್ಲ. ಆದರೆ ನಮ್ಮ ತೆಂಗಿನ ಬುಡ ಬಿಟ್ಟು ಜಪಾನಿನ ಹುಲ್ಲಿನ ಮೇಲೆ ಮಳೆ ಸುರಿಯಲಪ್ಪಾ ಎಂದು ಬೇಡಿಕೊಂಡದ್ದು ಒಂದೇ ಸಲ. ಅದು 2021ರ ಆಗಸ್ಟ್ 7, ಶನಿವಾರ ಬೆಳಗ್ಗೆ.

ಅಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳಾ ಗಾಲ್ಫ್‌ನ ಕೊನೆಯ ಸುತ್ತು. ಬೆಂಗಳೂರಿನ ಅದಿತಿ ಅಶೋಕ್ ಮೂರು ಸುತ್ತು ಮುಗಿಸಿ ಎರಡನೇ ಸ್ಥಾನದಲ್ಲಿದ್ದರು. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೆಯವರು, ಒಂದನೆಯವರಾದ ಅಮೆರಿಕದ ನೆಲ್ಲಿ ಕೊರ್ಡಾ ಅವರ ಬೆನ್ನು ಹತ್ತಿದ್ದರು. ಸುದ್ದಿ ರಾತ್ರೋರಾತ್ರಿ ವಾಟ್ಸ್‌ಆ್ಯಪ್ ಹಿಡಿದು ನಮ್ಮ ಕಡೆಗೂ ಬಂತು. ತ್ರೀ ಫೇಸ್ ಕರೆಂಟ್ ಬಂತೇ ಎಂದು ನೋಡಲು ನಸುಕಿನಲ್ಲೇ ಎದ್ದವರು ತೋಟದ ಮೋಟಾರ್ ಹಾಕಿ, ಮನೆಗೆ ಬಂದು ಟಿವಿಯನ್ನೂ ಹಾಕಿದರು. ಅಲ್ಲಿಯವರೆಗೆ ಗಾಲ್ಫ್ ಎಂದರೆ ಸಿನಿಮಾದಲ್ಲಿ ನಾಯಕಿಯ ಅಪ್ಪ ಬಿಳಿ ಟೋಪಿ ಹಾಕಿಕೊಂಡು ಬಡ ನಾಯಕನನ್ನು ಬೈಯುವ ಜಾಗ, ಅಷ್ಟೆ.

ಟೀ ಅಂಗಡಿಯಲ್ಲಿ ಏಳು ಗಂಟೆಗೆ ಪಾಠ ಶುರುವಾಯಿತು.

“ಎಷ್ಟಾಗೈತ್ಲಾ ಸ್ಕೋರು?”

“ಮೈನಸ್ ಹದಿಮೂರು ಕಣಣ್ಣ.”

“ಮೈನಸ್ಸಾ? ಸೋತ್ಲು ಬಿಡು.”

“ಹಂಗಲ್ಲಣ್ಣ. ಇದ್ರಾಗೆ ಕಮ್ಮಿ ಹೊಡ್ದೋರೇ ಗೆಲ್ಲೋದು. ಎಷ್ಟು ಮೈನಸ್ಸೋ ಅಷ್ಟು ದೊಡ್ಡೋರು.”

“ಹಂಗಾದ್ರೆ ತೆಂಗಿಗೆ ನುಸಿ ರೋಗ ಬಂದಾಗ್ಲಿಂದ ನಾನೂ ಮೈನಸ್ಸೇ ಅಲ್ವೇನ್ಲಾ? ನಂಗೂ ಒಂದು ಪದಕ ಕೊಡ್ಸು.”

ಎಂಟು ಗಂಟೆಗೆ ಬರ್ಡಿ, ಬೋಗಿ, ಪಾರ್ ಎಲ್ಲ ಬಾಯಿಪಾಠವಾಗಿತ್ತು. ಬ್ಯಾಗ್ ಹೊತ್ತುಕೊಂಡು ಜೊತೆಗೆ ನಡೆಯುತ್ತಿರುವ ಕ್ಯಾಡಿ ಅದಿತಿಯವರ ತಾಯಿಯೇ ಎಂದು ತಿಳಿದು ಹೆಂಗಸರ ಕಣ್ಣೂ ಒದ್ದೆಯಾಯಿತು. ಒಂಬತ್ತಕ್ಕೆಲ್ಲ ವಿದ್ಯಾರ್ಥಿಗಳು ಕೋಚ್‌ಗಳಾಗಿ ಬಡ್ತಿ ಪಡೆದಿದ್ದರು. “ಜೋರಾಗಿ ಹೊಡೀಬೇಕು ಸ್ವಾಮಿ, ಕೊರ್ಡಾ ನೋಡಿ ಎಷ್ಟು ದೂರ ಹೊಡೀತಾಳೆ!” ಆ ವರ್ಷವೇ ಕೋವಿಡ್ ಬಂದು ಅದಿತಿಯವರ ಮೈಯ ಬಲ ಇಳಿದಿತ್ತು. ದೂರಕ್ಕೆ ಹೊಡೆಯಲಾಗದ ಕೊರತೆಯನ್ನು ಅವರು ಗುಳಿಯ ಹತ್ತಿರದ ಆಟದಲ್ಲಿ, ಅಂದರೆ ಪಟ್ಟಿಂಗ್‌ನಲ್ಲಿ, ತುಂಬಿಕೊಂಡು ಅಲ್ಲಿಯವರೆಗೆ ಬಂದಿದ್ದರು. ನಮ್ಮ ಕೋಚ್‌ಗಳಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೂ ಸಲಹೆ ನಿಲ್ಲುತ್ತಿರಲಿಲ್ಲ ಬಿಡಿ.

ಈಗ ಮಳೆಯ ವಿಷಯ. ಟೋಕಿಯೊ ಕಡೆಗೆ ಬಿರುಗಾಳಿ ಬರುತ್ತಿದೆಯೆಂಬ ಮುನ್ಸೂಚನೆಯಿಂದ ಕೊನೆಯ ಸುತ್ತನ್ನು ಬೇಗ ಶುರು ಮಾಡಿದ್ದರು. ನಾಲ್ಕನೇ ಸುತ್ತು ಮುಗಿಸಲು ಆಗದೇ ಹೋದರೆ ಮೂರು ಸುತ್ತಿನ ಲೆಕ್ಕದ ಮೇಲೆಯೇ ಫಲಿತಾಂಶ ಎಂಬ ಮಾತೂ ಓಡಾಡುತ್ತಿತ್ತು. ಮೂರು ಸುತ್ತಿನ ಲೆಕ್ಕದಲ್ಲಿ ಅದಿತಿಗೆ ಬೆಳ್ಳಿ! ಇದು ತಿಳಿದದ್ದೇ ತಡ, ನಮ್ಮ ದೇಶಭಕ್ತಿ ಹೊಸ ದಾರಿ ಹಿಡಿಯಿತು. ಚೆನ್ನಾಗಿ ಆಡಲಿ ಎಂಬ ಪ್ರಾರ್ಥನೆ ನಿಂತು, ಆಟವೇ ನಡೆಯದಿರಲಿ ಎಂಬ ಪ್ರಾರ್ಥನೆ ಶುರುವಾಯಿತು. ನಾಲ್ಕನೇ ದಿನ ಆಡಲೆಂದೇ ಮೈದಾನಕ್ಕಿಳಿದ ಆಟಗಾರ್ತಿಗೆ ಅಭಿಮಾನಿಗಳು ಕೋರಿದ ಶುಭ ಇದು: ತಾಯಿ, ನೀನು ಆಡುವುದು ಬೇಡ, ಛತ್ರಿ ಹಿಡಿದು ನಿಂತಿರು, ಮಿಕ್ಕದ್ದು ವರುಣ ನೋಡಿಕೊಳ್ಳುತ್ತಾನೆ.

ವರುಣನೂ ಬಂದ. ಇನ್ನೆರಡು ಗುಳಿ ಬಾಕಿಯಿರುವಾಗ ಆಟ ನಿಂತಿತು. ನಮ್ಮ ಕೆರೆಗಳಿಗೆ ಎಂದೂ ಸಿಗದ ಹರಕೆಯ ಫಲ ಜಪಾನಿಗೆ ಸಿಕ್ಕಿತಲ್ಲ ಎಂದು ಹಿಗ್ಗುವಷ್ಟರಲ್ಲಿ ಮಳೆ ನಿಂತು ಆಟ ಮುಂದುವರಿಯಿತು. ನ್ಯೂಜಿಲೆಂಡಿನ ಲಿಡಿಯಾ ಕೊ 17ನೇ ಗುಳಿಯಲ್ಲಿ ಬರ್ಡಿ ಹೊಡೆದು, ಅಂದರೆ ನಿಗದಿಗಿಂತ ಒಂದು ಹೊಡೆತ ಕಡಿಮೆಯಲ್ಲಿ ಮುಗಿಸಿ, ಮುಂದೆ ಹೋದರು. 18ನೇ ಗುಳಿಗೆ ಅದಿತಿ ದೂರದಿಂದ ಹೊಡೆದ ಪಟ್ ಒಳಗೆ ಬೀಳಲಿಲ್ಲ. ಗುಳಿಯ ಅಗಲ ನಾಲ್ಕೂಕಾಲು ಅಂಗುಲ. ನಾಲ್ಕು ದಿನದಲ್ಲಿ ಅದಿತಿ ಹೊಡೆದದ್ದು 269 ಹೊಡೆತ, ಕಂಚು ಗೆದ್ದ ಕೊ ಹೊಡೆದದ್ದು 268. ಒಂದೇ ಹೊಡೆತ, ನಾಲ್ಕನೇ ಸ್ಥಾನ.

ಅಂದಿನ ಸರ್ವನಾಮಗಳನ್ನು ಯಾರಾದರೂ ಬರೆದಿಡಬೇಕಿತ್ತು. ಎರಡನೇ ಸ್ಥಾನದಲ್ಲಿದ್ದಾಗ ಅವರು “ನಮ್ಮ ಹುಡುಗಿ”. ಮೂರಕ್ಕೆ ಇಳಿದಾಗ “ಬೆಂಗಳೂರಿನ ಹುಡುಗಿ”. ನಾಲ್ಕಾದ ಮೇಲೆ “ಪಾಪ, ಆ ಹುಡುಗಿ”. ಐದಾಗಿದ್ದರೆ “ಅದು ಬಿಡಿ, ದುಡ್ಡಿದ್ದೋರ ಆಟ” ಎಂದು ಮೋಟಾರ್ ಆಫ್ ಮಾಡಲು ಹೋಗಿರುತ್ತಿದ್ದರು.

ಆದರೂ ನಾಲ್ಕನೇ ಸ್ಥಾನಕ್ಕೆ ನಮ್ಮಲ್ಲಿ ಪೂಜೆಯ ವಿಧಿವಿಧಾನ ಮೊದಲೇ ಸಿದ್ಧವಿದೆ. 1960ರ ರೋಮ್‌ನಲ್ಲಿ ಮಿಲ್ಖಾ ಸಿಂಗ್, 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ, 2016ರ ರಿಯೊದಲ್ಲಿ ದೀಪಾ ಕರ್ಮಾಕರ್, ಅದಿತಿಯ ಆಟದ ಹಿಂದಿನ ದಿನವಷ್ಟೇ ಮಹಿಳಾ ಹಾಕಿ ತಂಡ. ಹೀಗಾಗಿ “ಪದಕ ಕೈತಪ್ಪಿದರೂ ಹೃದಯ ಗೆದ್ದೆ ತಾಯಿ” ಎಂಬ ಸಂದೇಶವನ್ನು ಯಾರೂ ಹೊಸದಾಗಿ ಬರೆಯಬೇಕಾಗಲಿಲ್ಲ, ಹೆಸರು ಬದಲಿಸಿದರೆ ಸಾಕಿತ್ತು. ಎರಡೇ ದಿನದಲ್ಲಿ ಎರಡು ಸಲ ಗೆಲ್ಲಿಸಿಕೊಂಡ ಆ ಹೃದಯ ಸಂಜೆಯ ಹೊತ್ತಿಗೆ ಮತ್ತೆ ಖಾಲಿಯಾಗಿತ್ತು. ನೀರಜ್ ಚೋಪ್ರಾ 87.58 ಮೀಟರ್ ಎಸೆದು ಚಿನ್ನ ಗೆದ್ದರು. ಬೆಳಗಿನ ಗಾಲ್ಫ್ ಪಂಡಿತರೆಲ್ಲ ರಾತ್ರಿ ಊಟಕ್ಕೆ ಮುಂಚೆ ಜಾವೆಲಿನ್ ಪಂಡಿತರಾದರು. ಭರ್ಜಿಯನ್ನು ಯಾವ ಕೋನದಲ್ಲಿ ಬಿಡಬೇಕೆಂದು ಹೇಳುತ್ತಿದ್ದವರಿಗೆ ಬರ್ಡಿ ಎಂದರೇನೆಂದು ಕೇಳಿದ್ದರೆ ಹಕ್ಕಿ ಎನ್ನುತ್ತಿದ್ದರು.

ಮುಂದಿನದು ಇನ್ನೂ ಸೊಗಸು. 2023ರ ಅಕ್ಟೋಬರ್ 1ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದಿತಿ ಬೆಳ್ಳಿ ಗೆದ್ದರು. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಪದಕ ಗೆದ್ದ ಭಾರತದ ಮೊದಲ ಮಹಿಳೆ. ಅಂದು ಯಾರ ಹೃದಯವೂ ಸೋಲಲಿಲ್ಲ. ಏಕೆಂದರೆ ಅವರು ಏಳು ಹೊಡೆತಗಳ ಮುನ್ನಡೆಯೊಂದಿಗೆ ಕೊನೆಯ ದಿನಕ್ಕೆ ಬಂದು, ಅಂದು 77 ಹೊಡೆದು ಥಾಯ್ಲೆಂಡಿನ ಆಟಗಾರ್ತಿಗೆ ಚಿನ್ನ ಬಿಟ್ಟುಕೊಟ್ಟಿದ್ದರು. “ಚಿನ್ನ ಕಳ್ಕೊಂಡ್ಲು” ಎಂಬುದೇ ತೀರ್ಪು. ಏನೂ ಸಿಗದೆ ಬಂದಾಗ ಹಾರ, ಪದಕ ತಂದಾಗ ತರಾಟೆ. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಎಲ್‌ಪಿಜಿಎ ಟೂರ್‌ನ ಲಾಸ್ ಏಂಜಲೀಸ್ ಟೂರ್ನಿಯಲ್ಲಿ ಅವರು ಪ್ಲೇಆಫ್‌ವರೆಗೆ ಹೋಗಿ ಸೋತದ್ದಕ್ಕೆ ಹಾರವೂ ಇಲ್ಲ, ತರಾಟೆಯೂ ಇಲ್ಲ. ಎದೆಯ ಮೇಲೆ ತ್ರಿವರ್ಣ ಕಾಣದಿದ್ದರೆ ನಮಗೆ ಚೆಂಡೂ ಕಾಣುವುದಿಲ್ಲ.

ಆ ವರ್ಷ ನಮ್ಮವರಿಗೆ ಬೇರೆ ಚಿಂತೆ ಇತ್ತು, ಒಪ್ಪೋಣ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಎಂದು ಕಾಗದದಲ್ಲಿತ್ತು, ತಿಪಟೂರು ಮಾರುಕಟ್ಟೆಯ ಹರಾಜಿನಲ್ಲಿ ಅದರ ಹತ್ತಿರಕ್ಕೂ ದರ ಬರುತ್ತಿರಲಿಲ್ಲ. ಹೊಟ್ಟೆಪಾಡು ಮೊದಲು, ಆಟ ಆಮೇಲೆ. ಆದರೆ 2024ರ ಪ್ಯಾರಿಸ್? ಅದಿತಿ ಅಲ್ಲೂ ನಾಲ್ಕು ದಿನ ಆಡಿ ಜಂಟಿ 29ನೇ ಸ್ಥಾನ ಪಡೆದರು. ನಮ್ಮಲ್ಲಿ ಎದ್ದವರು ಮೋಟಾರ್ ಹಾಕಿ ಮತ್ತೆ ಮಲಗಿದರು.

ತಾಳ್ಮೆ ಇಲ್ಲದ ಜನವೇ ನಾವು? ಕೊಬ್ಬರಿ ಮಾಡುವವರ ಮನೆಗೆ ಹೋಗಿ ನೋಡಿ. ಕೆಡವಿದ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಕಾಯುತ್ತಾರೆ. ಒಳಗಿನ ನೀರು ಇಂಗಬೇಕು, ತಿರುಳು ಕರಟ ಬಿಡಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಅಲ್ಲಿಯವರೆಗೆ ಮಚ್ಚು ಮುಟ್ಟುವುದಿಲ್ಲ. ತಿಂಗಳುಗಟ್ಟಲೆ ಕಾಯಬಲ್ಲ ಈ ಸೀಮೆಗೆ ನಾಲ್ಕು ದಿನದ ಆಟವನ್ನು ಮೊದಲ ದಿನದಿಂದ ನೋಡಲು ಪುರುಸೊತ್ತಿಲ್ಲವಂತೆ. ನಮಗೆ ಬೇಕಾದದ್ದು ಆಟವಲ್ಲ, ಕೊನೆಯ ಅರ್ಧ ಗಂಟೆಯ ಎದೆಬಡಿತ. ಅದು ಯಾವ ಆಟದ್ದಾದರೂ ನಡೆದೀತು.

2028ರ ಒಲಿಂಪಿಕ್ಸ್ ಲಾಸ್ ಏಂಜಲೀಸ್‌ನಲ್ಲಿ. ಗಾಲ್ಫ್ ಅಲ್ಲಿನ ರಿವಿಯೆರಾ ಕಂಟ್ರಿ ಕ್ಲಬ್‌ನಲ್ಲಿ ನಡೆಯುತ್ತದೆ. ಅಷ್ಟರಲ್ಲಿ ನಮ್ಮ ರಾಜ್ಯದಿಂದ ಅದಿತಿಯೇ ಹೋಗುತ್ತಾರೋ, ಇನ್ನೊಬ್ಬರು ಹೋಗುತ್ತಾರೋ ನೋಡೋಣ. ಯಾರೇ ಹೋಗಲಿ, ಅಭಿಮಾನಿಗಳಲ್ಲಿ ಒಂದು ವಿನಂತಿ: ಟಿವಿ ಹಾಕುವುದಿದ್ದರೆ ಮೊದಲ ದಿನವೇ ಹಾಕಿ. ಕೊನೆಯ ದಿನ ಹತ್ತು ಗಂಟೆಗೆ ಬಂದು ಸಲಹೆ ಕೊಡುವುದಾದರೆ ದಯವಿಟ್ಟು ತೋಟಕ್ಕೇ ಹೋಗಿ. ಹರಕೆ ಹೊತ್ತೇ ತೀರಬೇಕೆಂದರೆ ಮಳೆಯನ್ನು ಚಿಕ್ಕನಾಯಕನಹಳ್ಳಿಗೆ ಕೇಳಿ, ಆಡುವವರು ಆಡಿಕೊಳ್ಳಲಿ.