ಅದು ಬೇರೆ ಹನುಮಂತ

ಬ್ಯಾಂಕಾಕಿಗೆ ಮೊದಲ ಸಲ ಹೋದವರು ಪ್ರವಾಸಿಗಳು. ಮತ್ತೆ ಹೋದವರು ಪಂಡಿತರು. ಮಗಳು ಅಳಿಯ ಅಲ್ಲೇ ನೆಲೆಸಿರುವುದರಿಂದ ನಮ್ಮಾಕೆಗೆ ಈ ಪಾಂಡಿತ್ಯ ಸಲೀಸಾಗಿ ದಕ್ಕಿದೆ. ವಿಮಾನ ಇನ್ನೂ ಬೆಂಗಳೂರಿನ ನೆಲ ಬಿಟ್ಟಿರಲಿಲ್ಲ, ಪಕ್ಕದ ಸೀಟಿನ ನವದಂಪತಿಗೆ ಪಾಠ ಶುರುವಾಗಿತ್ತು: "ಅಲ್ಲಿ ಯಾರ ತಲೆಯನ್ನೂ ಮುಟ್ಟಬೇಡಿ, ಯಾರ ಕಡೆಗೂ ಕಾಲು ಚಾಚಬೇಡಿ, ಚಪ್ಪಲಿ ಹೊರಗೇ ಬಿಡಿ." ತೀರ್ಥಹಳ್ಳಿಯ ಅವಳ ತವರುಮನೆಯಲ್ಲೂ ಇದೇ ಕಾನೂನು. ನಾನು ಬಾಯಿ ಬಿಡಲಿಲ್ಲ.

ಥಾಯ್ಲೆಂಡಿನಲ್ಲಿ ಇರುವುದೆಲ್ಲ ನಮ್ಮದೇ ಎಂಬುದು ಅವಳ ಸಿದ್ಧಾಂತ. ಪುರಾವೆಗೂ ಕೊರತೆಯಿಲ್ಲ. ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ, ಒಳಗೆ ಸಮುದ್ರಮಥನದ ಭಾರೀ ಶಿಲ್ಪ. ಹಳೆಯ ರಾಜಧಾನಿ ಅಯುತ್ಥಯಾ. 1782ರಿಂದ ಆಳುತ್ತಿರುವ ಚಕ್ರಿ ವಂಶದ ಈಗಿನ ದೊರೆ 10ನೇ ರಾಮ. ಇಷ್ಟೆಲ್ಲ ಇರುವಾಗ ಅವಳ ಎದುರು ವಾದಕ್ಕೆ ನಿಲ್ಲುವವರು ಯಾರು?

ನಿಂತದ್ದು ಒಂದು ಗೋಡೆ. ಅರಮನೆಯ ಆವರಣದ ವಾಟ್ ಫ್ರಾ ಕೇವ್ ದೇವಾಲಯದ ಪ್ರಾಕಾರದಲ್ಲಿ ಅವರ ರಾಮಾಯಣ, ಅಂದರೆ ರಾಮಕಿಯನ್, 178 ಚಿತ್ರಗಳಾಗಿ ಹರಡಿಕೊಂಡಿದೆ. ಅಳಿಯ ಉತ್ಸಾಹದಿಂದ ವಿವರಿಸಿದ: "ಅತ್ತೆ, ಇಲ್ಲಿನ ಹನುಮಂತ ಬ್ರಹ್ಮಚಾರಿ ಅಲ್ಲ. ಸೇತುವೆ ಕೆಡಿಸಲು ಬಂದ ಮತ್ಸ್ಯಕನ್ಯೆಯನ್ನೇ ಒಲಿಸಿಕೊಂಡ. ಅವಳು ಯಾರು ಗೊತ್ತಾ? ರಾವಣನ ಮಗಳು!"

ಶನಿವಾರದ ಒಪ್ಪತ್ತನ್ನು ಇವತ್ತಿಗೂ ತಪ್ಪಿಸದ ನಮ್ಮಾಕೆ ಗೋಡೆಯನ್ನು ನೋಡಿದಳು, ಅಳಿಯನನ್ನು ನೋಡಿದಳು, ಸುಮ್ಮನೆ ನಿಂತಿದ್ದ ನನ್ನನ್ನೂ ಒಮ್ಮೆ ಸಂಶಯದಿಂದ ನೋಡಿದಳು. ಆಮೇಲೆ ತೀರ್ಪು ಕೊಟ್ಟಳು: "ಅದು ಬೇರೆ ಹನುಮಂತ."

ಸಿದ್ಧಾಂತಕ್ಕೆ ಬಿದ್ದ ಪೆಟ್ಟನ್ನು ಅಡುಗೆ ಕ್ಲಾಸಿನಲ್ಲಿ ಸರಿಪಡಿಸಿಕೊಳ್ಳಲು ಹೊರಟೆವು. ಮೊದಮೊದಲು ಎಲ್ಲ ಅವಳ ಪರವಾಗಿಯೇ ಇತ್ತು. ಹಸಿರು ಕರಿಗೆ ತೆಂಗಿನ ಹಾಲು, ಜಜ್ಜಲು ಕಲ್ಲಿನ ಕುಟ್ಟಾಣಿ, ಜೊತೆಗೆ ಬುಟ್ಟಿ ತುಂಬ ಸುಂಡೆಕಾಯಿ! "ನೋಡ್ರೀ, ನಮ್ಮ ಹಿತ್ತಲಿನದೇ" ಎಂದು ಹಿಗ್ಗಿದಳು. ನಾವು ಕತ್ತರಿಸಿ ಎಸೆಯುವ ಕೊತ್ತಂಬರಿ ಬೇರನ್ನು ಅವರು ತೊಳೆದು ಮಸಾಲೆಗೆ ಕುಟ್ಟುವುದನ್ನು ಕಂಡಾಗ ಮಾತ್ರ, ಇಷ್ಟು ವರ್ಷ ಎಸೆದದ್ದರ ಲೆಕ್ಕ ಹಾಕುತ್ತ ಮಂಕಾದಳು.

ಅಷ್ಟರಲ್ಲಿ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ಇಳಿಸಿದ ನಾಮ್ ಪ್ಲಾ ಬಾಟಲಿ ಬಂತು. ಅದರ ಹಿಂದೆಯೇ ಸೀಗಡಿಯ ಗೊಜ್ಜು. ಮಗಳು "ಜೇ, ಜೇ" ಎಂದು ಕೂಗಿದಳು. ಟೀಚರಮ್ಮ ಕೈಮುಗಿದು ಎರಡನ್ನೂ ಒಳಗಿಟ್ಟರು. ನಮ್ಮಾಕೆ ಗೆದ್ದಂತೆ ನನ್ನ ಕಡೆ ನೋಡಿದಳು. ಆಮೇಲೆ ಆ ತಾಯಿ ಈರುಳ್ಳಿಯನ್ನೂ ಒಳಗಿಟ್ಟರು. ಬೆಳ್ಳುಳ್ಳಿಯನ್ನೂ.

"ಅಯ್ಯೋ, ಈರುಳ್ಳಿ ನಾವು ತಿಂತೀವಿ ಅಂತ ಹೇಳೇ!"

"ಜೇ ಅಂದ್ರೆ ಹಾಗೇ ಅಮ್ಮ. ಮಾಂಸ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಒಂದೂ ಇಲ್ಲ. ಹೊಗೆಸೊಪ್ಪೂ ನಿಷಿದ್ಧ. ಹಾಲು, ಮೊಸರೂ ಇಲ್ಲ."

ಮೊಸರೂ ಇಲ್ಲವೆಂದಾಗ ಅವಳು ಸ್ಟೂಲ್ ಎಳೆದುಕೊಂಡು ಕೂತಳು. ಮಡಿ ವಿಷಯದಲ್ಲಿ ಇಡೀ ಬಂಧುಬಳಗವನ್ನು ನಡುಗಿಸಿದವಳನ್ನು ಮೀರಿಸಿದ ಒಬ್ಬರನ್ನು ನಾನು ಕಡೆಗೂ ಕಂಡೆ. ಕರಿ ಮಾತ್ರ ಬಲು ರುಚಿಯಾಗಿತ್ತು. ನಿಂಬೆಹುಲ್ಲು, ಹಸಿಮೆಣಸು, ತೆಂಗಿನ ಹಾಲು ಸೇರಿದರೆ ಈರುಳ್ಳಿಯ ಹಂಗಿಲ್ಲ ಎಂದು ಅವಳ ತಟ್ಟೆಯೇ ಒಪ್ಪಿಕೊಂಡಿತು. ಬಾಯಿ ಒಪ್ಪಲಿಲ್ಲ.

ಥಾಯ್ಲೆಂಡಿಗೆ ಹೊರಟಿರುವ ಸಸ್ಯಾಹಾರಿಗಳಲ್ಲಿ ಒಂದು ವಿನಂತಿ. ಈರುಳ್ಳಿ ಬೇಕೋ ಬೇಡವೋ ಎಂಬುದನ್ನು ಮನೆಯಲ್ಲೇ ಜಗಳವಾಡಿ ಮುಗಿಸಿ ಹೊರಡಿ. ಬೇಡದಿದ್ದರೆ "ಜೇ" ಎನ್ನಿ. ಬೇಕಿದ್ದರೆ "ಮಂಗ್ಸವಿರತ್" ಎಂದು ಕೇಳಿ, ಮೊಟ್ಟೆ ಮತ್ತು ನಾಮ್ ಪ್ಲಾ ಬೇಡವೆಂದೂ ಸೇರಿಸಿ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳಲ್ಲಿ, ಹೆಚ್ಚಾಗಿ ನಮ್ಮ ನವರಾತ್ರಿಯ ಆಸುಪಾಸಿನಲ್ಲಿ, ಒಂಬತ್ತು ದಿನ ಜೇ ಹಬ್ಬ. ಆಗ ಕೆಂಪಕ್ಷರದ ಹಳದಿ ಬಾವುಟ ಹಾರುವ ಅಂಗಡಿಗಳಲ್ಲೆಲ್ಲ ನಿಶ್ಚಿಂತೆಯಿಂದ ಉಣ್ಣಬಹುದು. ಮೊಸರಿಗೆ ಮಾತ್ರ ಮಗಳ ಮನೆಯಲ್ಲೇ ಹೆಪ್ಪು ಹಾಕಿಸಿಕೊಳ್ಳಿ.