ಶನಿವಾರದ ವಿದ್ಯಾರ್ಥಿ

ಶನಿವಾರ ಬೆಳಿಗ್ಗೆ ಏಳೂವರೆಗೆ ನಮ್ಮ ಎದುರುಮನೆಯಿಂದ ಇಬ್ಬರು ಬೆನ್ನಿಗೆ ಚೀಲ ಏರಿಸಿಕೊಂಡು ಹೊರಡುತ್ತಾರೆ. ಒಬ್ಬಳು ಆರನೇ ಕ್ಲಾಸಿನ ಹುಡುಗಿ, ಇನ್ನೊಬ್ಬರು ಅವಳ ಅಪ್ಪ. ಹುಡುಗಿಗೆ ಹನ್ನೆರಡಕ್ಕೆ ಬಿಡುಗಡೆ. ಅಪ್ಪನಿಗೆ ಸಂಜೆ ಆರಾಗುತ್ತದೆ.

ಹೆಸರು ಬೇಡ. ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ, ಅವರ ಹೆಸರನ್ನೇ ಸೇರಿಸಿಕೊಂಡು ಓದಿ. ವಯಸ್ಸು ನಲವತ್ತೆರಡು, ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು, ಕೈಕೆಳಗೆ ಮೂವತ್ತು ಜನ. ಕೋಡ್ ಬರೆದು ಹತ್ತು ವರ್ಷವಾಯಿತು. ಮನೆಯ ವೈಫೈ ಕೈಕೊಟ್ಟರೆ ಮಗಳನ್ನು ಕೂಗುತ್ತಾರೆ. ತಂತ್ರಜ್ಞಾನದ ಸಹವಾಸ ಇಷ್ಟು ಚೆನ್ನಾಗಿ ಬಿಟ್ಟುಹೋಗಿರುವುದರಿಂದ ಇನ್ನು ಅದನ್ನು ಮ್ಯಾನೇಜ್ ಮಾಡಬಹುದು ಎಂದು ಎಕ್ಸಿಕ್ಯುಟಿವ್ ಮಾಸ್ಟರ್ಸ್ ಇನ್ ಟೆಕ್ನಾಲಜಿ ಮ್ಯಾನೇಜ್‌ಮೆಂಟಿಗೆ ಸೇರಿದ್ದಾರೆ. ಬೆಂಗಳೂರಿಗೆ ಇದೇನೂ ಹೊಸದಲ್ಲ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಕೆಲಸ ಬಿಡದೆ ಓದುವ ಸಾಫ್ಟ್‌ವೇರಿನವರಿಗೆಂದೇ 1998ರಲ್ಲಿ ಕೋರ್ಸು ಶುರುವಾಗಿತ್ತು. ಈಗ ಅಂಥವು ಹತ್ತಾರು. ನಮ್ಮವರು ಸೇರಿದ್ದು ಎಲ್ಲಿಗೆ ಎಂದು ನಾನು ಬರೆಯುವುದಿಲ್ಲ. ನೀವು ಕೇಳದಿದ್ದರೂ ಅವರೇ ಹೇಳುತ್ತಾರೆ.

ಅರ್ಜಿಗೆ ಬಾಸಿನ ಶಿಫಾರಸು ಪತ್ರ ಬೇಕಿತ್ತು. ‘ನೀನೇ ಬರೆದು ಕಳಿಸಪ್ಪ, ಸೈನ್ ಹಾಕ್ತೀನಿ’ ಎಂದರಂತೆ ಬಾಸು. ಇವರು ಕೂತು ತಮ್ಮನ್ನು ತಾವೇ ಒಂದೂವರೆ ಪುಟ ಹೊಗಳಿಕೊಂಡು, ಓದಿದವರಿಗೆ ನಂಬಿಕೆ ಬರಲಿ ಎಂದು ಕೊನೆಗೆ ‘ಸ್ವಲ್ಪ ಮುಂಗೋಪ’ ಎಂದು ಸೇರಿಸಿದರು. ಬಾಸು ಆ ಒಂದು ಸಾಲಿನ ಮೇಲೆ ಬೆರಳಿಟ್ಟು ‘ಇದು ಕರೆಕ್ಟಾಗಿದೆ’ ಎಂದು ಸಹಿ ಹಾಕಿದರಂತೆ.

ಕತ್ತಿನಲ್ಲಿ ‘ವಿದ್ಯಾರ್ಥಿ’ ಎಂಬ ಗುರುತಿನ ಚೀಟಿ ಬಂದ ದಿನದಿಂದ ಅವರ ನಡಿಗೆಯೇ ಬದಲಾಗಿದೆ. ದರ್ಶಿನಿಯಲ್ಲಿ ಇಡ್ಲಿ ತಿನ್ನುವಾಗಲೂ ಅದನ್ನು ತೆಗೆಯುವುದಿಲ್ಲ. ಚಟ್ನಿ ತಾಗದಂತೆ ಬೆನ್ನ ಮೇಲೆ ಹಾಕಿಕೊಳ್ಳುತ್ತಾರೆ. ಕ್ಲಾಸಿನಲ್ಲಿ ಕೂತು ಮ್ಯೂಟ್ ಮಾಡಿಕೊಂಡು ಆಫೀಸಿನ ಮೀಟಿಂಗ್ ಕೇಳುತ್ತಾರೆ, ಆಫೀಸಿನ ಮೀಟಿಂಗಿನಲ್ಲಿ ಕೂತು ಕ್ಲಾಸಿನ ಕೇಸ್ ಓದುತ್ತಾರೆ. ಎರಡೂ ಕಡೆ ಇವರು ಮಾತಾಡದೆ ಇರುವುದರಿಂದ ಎರಡೂ ಕಡೆ ಒಳ್ಳೆಯ ಹೆಸರಿದೆ.

ಮನೆಯವರ ಪಾಡು ಬೇರೆ. ಮೊದಲ ಟರ್ಮಿನಲ್ಲಿ ಎವರೆಟ್ ರೋಜರ್ಸ್ ಬಂದ. ಹೊಸ ವಸ್ತು ಸಮಾಜದಲ್ಲಿ ಹೇಗೆ ಹಬ್ಬುತ್ತದೆ ಎಂದು 1962ರಲ್ಲಿ ಪುಸ್ತಕ ಬರೆದವನು. ಮೊದಲು ಕೈಹಾಕುವವರು ನೂರಕ್ಕೆ ಎರಡೂವರೆ ಜನ, ಎಲ್ಲರೂ ಕೊಂಡಾದ ಮೇಲೆ ಗೊಣಗುತ್ತಾ ಕೊಳ್ಳುವವರು 16 ಜನ. ಈ ಕೊನೆಯವರಿಗೆ ಲ್ಯಾಗಾರ್ಡ್ ಎಂದು ಹೆಸರು. ಮಗರಾಯ ಅಡುಗೆಮನೆಗೆ ಹೋಗಿ, ಒರಳಿನಲ್ಲಿ ಕೊಬ್ಬರಿ ರುಬ್ಬುತ್ತಿದ್ದ ತಾಯಿಗೆ ‘ಅಮ್ಮ, ನೀನು ಲ್ಯಾಗಾರ್ಡು’ ಎಂದರು. ಅರ್ಥ ಬಿಡಿಸಿ ಹೇಳಿದ ಮೇಲೆ ಆಕೆ ಕೈ ತೊಳೆದುಕೊಂಡು, ‘ನಮ್ಮ ವಠಾರಕ್ಕೆ ಮೊದಲ ಮಿಕ್ಸಿ ತಂದೋಳು ನಾನು ಕಣೋ. ಅದರಲ್ಲಿ ಚಟ್ನಿ ಕೆಡುತ್ತೆ ಅಂತ ಮೊದಲು ಬಿಟ್ಟೋಳೂ ನಾನೇ. ನಿಮ್ಮ ಪುಸ್ತಕದೋನು ನನ್ನ ಎಲ್ಲಿ ಕೂರಿಸ್ತಾನೆ ಕೇಳು’ ಎಂದರು. ಪ್ರೊಫೆಸರನ್ನು ಕೇಳಿದರೋ ಇಲ್ಲವೋ, ವರದಿ ಬಂದಿಲ್ಲ.

ಎರಡನೇ ಟರ್ಮಿನಲ್ಲಿ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪಿನವರ ನಾಲ್ಕು ಚೌಕ ಫ್ರಿಡ್ಜಿನ ಬಾಗಿಲಿಗೆ ಹತ್ತಿತು: ನಕ್ಷತ್ರ, ಪ್ರಶ್ನೆಚಿಹ್ನೆ, ಹಾಲು ಕರೆಯುವ ಹಸು, ನಾಯಿ. ಕೋರ್ಸಿನ ಸಾಲದ ಕಂತು ಬ್ಯಾಂಕಿನಲ್ಲಿರುವ ಹೆಂಡತಿಯ ಸಂಬಳದಿಂದ ಹೋಗುವುದರಿಂದ ಆಕೆಯ ಹೆಸರು ಹಸುವಿನ ಚೌಕದಲ್ಲಿತ್ತು. ‘ನಾಯಿ ಚೌಕ ಯಾಕೆ ಖಾಲಿ ಬಿಟ್ಟಿದೀರಿ?’ ಎಂದಷ್ಟೇ ಆಕೆ ಕೇಳಿದ್ದು. ಸಂಜೆಗೆ ಚೌಕಗಳು ಇರಲಿಲ್ಲ.

ಆದರೆ ನನಗೆ ಮರೆಯಲಾಗದ್ದು ಕೊಡಾಕ್ ಭಾನುವಾರ. ಸೋಮವಾರ ಪ್ರೆಸೆಂಟೇಶನ್, ಅಭ್ಯಾಸಕ್ಕೆ ಕೇಳುಗರು ಬೇಕೆಂದು ನನ್ನನ್ನು ಕರೆದು ಕೂರಿಸಿಕೊಂಡಿದ್ದರು. ‘1975ರಲ್ಲೇ ಕೊಡಾಕ್‌ನ ಎಂಜಿನಿಯರ್ ಸ್ಟೀವ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದ ಸಾರ್! ಫಿಲ್ಮು ಮಾರೋ ಕಂಪನಿ, ಮನಸ್ಸು ಬರಲಿಲ್ಲ. 2012ರಲ್ಲಿ ದಿವಾಳಿ ಅರ್ಜಿ ಹಾಕ್ತು. ಇದೇ ಡಿಸ್ರಪ್ಷನ್ನು.’

ಮೂಲೆಯ ಕುರ್ಚಿಯಲ್ಲಿ ಅವರ ತಂದೆ ಜನತಾ ಗಡಿಯಾರಕ್ಕೆ ಕೀ ಕೊಡುತ್ತಿದ್ದರು. ಮೂವತ್ತು ವರ್ಷ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಗಡಿಯಾರ ಜೋಡಿಸಿದ ಕೈ. ಹೆಬ್ಬೆರಳು, ತೋರುಬೆರಳ ನಡುವೆ ಕೀಯನ್ನು ಹಿಡಿದು, ಎಣಿಸುವವರಂತೆ ನಿಧಾನಕ್ಕೆ ತಿರುಗಿಸಿ, ಇನ್ನು ಸಾಕು ಎನ್ನುವಲ್ಲಿಗೆ ನಿಲ್ಲಿಸಿದರು.

‘ನಮ್ಮಲ್ಲೂ ಹೀಗೇ ಆಯ್ತು’ ಎಂದರು. ‘1984ರಲ್ಲಿ ಟೈಟಾನ್ ಕಂಪನಿ ಆಯ್ತು. ಆಮೇಲೆ ಹೊಸೂರಲ್ಲಿ ಕ್ವಾರ್ಟ್ಜ್ ಮಾಡೋಕೆ ಶುರುಮಾಡಿದ್ರು. ನಾವು ಕ್ಯಾಂಟೀನಲ್ಲಿ ನಗ್ತಿದ್ವಿ, ಕೀ ಕೊಡದೆ ಇರೋದೂ ಒಂದು ಗಡಿಯಾರವೇ ಅಂತ. ಹಾಗಂತ ನಮ್ಮಲ್ಲಿ ಕ್ವಾರ್ಟ್ಜ್ ಇರ್ಲಿಲ್ಲ ಅಂತಲ್ಲ. ಇತ್ತು. ಮನಸ್ಸು ಮಾತ್ರ ಕೀ ಕೊಡೋದರ ಮೇಲೇ...’

‘ಅಪ್ಪಾ, ಒಂದ್ನಿಮಿಷ ಸುಮ್ನಿರಿ. ಕೇಸ್ ನಡೀತಿದೆ’ ಎಂದರು ಮಗ.

ಹಿರಿಯರು ಸುಮ್ಮನಾದರು. ಮುಂದಿನ ಟರ್ಮಿನಲ್ಲಿ ‘ಭಾರತದ ಗಡಿಯಾರ ಉದ್ಯಮ’ ಎಂಬ ಪ್ರಾಜೆಕ್ಟು ಬಂದಾಗ ಮಗರಾಯರು ಡಾಲರಿನಲ್ಲಿ ಹಣ ಕಟ್ಟಿ ವಿದೇಶದಿಂದ ಕೇಸ್ ಒಂದನ್ನು ಡೌನ್‌ಲೋಡ್ ಮಾಡಿಕೊಂಡರು. ಐದು ಜನರ ತಂಡ. ನಾಲ್ವರು ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿ ತೋರಿಸಿದರು, ಇವರು ರಾತ್ರಿ ಎರಡರವರೆಗೆ ಕೂತು ನಲವತ್ತು ಸ್ಲೈಡ್ ಮಾಡಿದರು. ಬೆಳಿಗ್ಗೆ ಅಪ್ಪ ಕನ್ನಡಕ ಏರಿಸಿ ನೋಡಿ, ‘ಸಿಟಿಜನ್ ಜೊತೆ ನಾವು ವಾಚು ಶುರುಮಾಡಿದ್ದು 61ರಲ್ಲಿ, 71 ಅಂತ ಹಾಕಿದೀಯ’ ಎಂದರು. ಹದಿನೆಂಟನೇ ಸ್ಲೈಡಿನಲ್ಲಿ, 2016ರಲ್ಲಿ ವಾಚ್ ಕಂಪನಿ ಮುಚ್ಚಲು ಸರ್ಕಾರ ತೀರ್ಮಾನಿಸಿತು ಎಂಬ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಂತರು. ಅದರಲ್ಲಿ ತಪ್ಪಿರಲಿಲ್ಲ.

ಘಟಿಕೋತ್ಸವ ಆಯಿತು. ಕಪ್ಪು ಗೌನಿನ ಫೋಟೋ ಹಜಾರಕ್ಕೆ ಬಂತು. ಹುದ್ದೆ ಅದೇ ಇದೆ, ಈಮೇಲಿನ ಸಹಿ ಎರಡು ಸಾಲು ಉದ್ದವಾಗಿದೆ. ಕೈಕೆಳಗಿನವರಲ್ಲಿ ನಾಲ್ಕು ಜನ ಅದೇ ಕೋರ್ಸಿಗೆ ಶಿಫಾರಸು ಪತ್ರ ಕೇಳಿಕೊಂಡು ಬಂದಿದ್ದರಂತೆ. ‘ನೀವೇ ಬರೆದು ಕಳಿಸ್ರಪ್ಪ, ಸೈನ್ ಹಾಕ್ತೀನಿ’ ಎಂದಿದ್ದಾರೆ.

ಮೊನ್ನೆ ಗೇಟಿನ ಹತ್ತಿರ ನನ್ನನ್ನೂ ಹಿಡಿದುಕೊಂಡರು. ‘ವಯಸ್ಸಿನ ಮಿತಿ ಇಲ್ಲ ಸಾರ್, ಹೊಸ ಬ್ಯಾಚ್ ಶುರುವಾಗ್ತಿದೆ.’ ನಾನೀಗ ಶನಿವಾರ ತರಕಾರಿಗೆ ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದೇನೆ.