ನಾಲ್ಕು ಸ್ಪೇಸಿನ ಶಾಸ್ತ್ರಿಗಳು

ಆಫೀಸಿನಲ್ಲಿ ಅವರಿಗೆ ಶಾಸ್ತ್ರಿಗಳು ಅಂತಲೇ ಹೆಸರು. ಹುಟ್ಟಿನಿಂದ ಬಂದದ್ದಲ್ಲ, ಮಡಿಯಿಂದ ಬಂದದ್ದು. ಯಾರ ಕೋಡ್ ನೋಡಿದರೂ ಮೊದಲು ಎಂಡ್ ಕೀ ಒತ್ತುತ್ತಾರೆ. ಕರ್ಸರ್ ಕೊನೆಯ ಅಕ್ಷರಕ್ಕಿಂತ ಒಂದು ಹೆಜ್ಜೆ ಆಚೆ ನಿಂತರೆ ಮುಗಿಯಿತು; ಎಂಜಲೆಲೆ ಮೆಟ್ಟಿದವರಂತೆ ಮುಖ ಕಿವುಚುತ್ತಾರೆ. ಟ್ಯಾಬು ಮೈಲಿಗೆ, ನಾಲ್ಕು ಸ್ಪೇಸು ಮಡಿ, ಸಾಲು 79 ಅಕ್ಷರ ದಾಟಕೂಡದು. ಪೈಥಾನಿನ ಪೆಪ್ 8 ಅವರಿಗೆ ಬಾಯಿಪಾಠ.

"ಲಿನಕ್ಸ್ ಕರ್ನಲ್‌ನಲ್ಲಿ ಟ್ಯಾಬೇ ಅಲ್ವಾ ಸಾರ್? ಅದೂ 8 ಅಕ್ಷರದಗಲ" ಅಂತ ಹೊಸ ಹುಡುಗ ಬಾಯಿ ಹಾಕಿದ.

"ಅದು ಅವರ ಮನೆ ಪದ್ಧತಿ" ಅಂದುಬಿಟ್ಟರು.

ಮೊದಮೊದಲು ರಿವ್ಯೂನಲ್ಲಿ ಬರೆದು ತಿದ್ದುತ್ತಿದ್ದರು. ಒಂದು ಪುಲ್ ರಿಕ್ವೆಸ್ಟಿಗೆ ನಲವತ್ತು ಕಾಮೆಂಟು. ಪ್ರೋಗ್ರಾಂ ಓಡುತ್ತದೋ ಇಲ್ಲವೋ ಎಂಬ ಮಾತು ಒಂದರಲ್ಲೂ ಇಲ್ಲ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಗಿಟ್ಟನ್ನೇ ಬಾಗಿಲಲ್ಲಿ ಕೂರಿಸಿದರು: ಪ್ರಿ-ಕಮಿಟ್ ಹುಕ್ ಹಾಕಿ, ಒಳಗೆ ಬ್ಲ್ಯಾಕ್ ಎಂಬ ಫಾರ್ಮ್ಯಾಟರ್ ಇಟ್ಟರು. ಅದು ಯಾರ ಇಷ್ಟಾನಿಷ್ಟವನ್ನೂ ಹೆಚ್ಚು ಕೇಳುವುದಿಲ್ಲ. ಇವರಿಗೆ ಅದೇ ಹಿಡಿಸಿದ್ದು. ಆದರೆ ಹುಕ್ ಅವರವರ ಮೆಷೀನಿನಲ್ಲಿರುತ್ತದೆ, ಕ್ಲೋನ್ ಮಾಡಿದವರ ಹಿಂದೆ ತಾನಾಗಿ ಹೋಗುವುದಿಲ್ಲ. ಹಾಕಿಕೊಂಡವರಿಗೂ ನೋ-ವೆರಿಫೈ ಎಂಬ ಹಿತ್ತಲ ಬಾಗಿಲು ಗೊತ್ತಾಯಿತು. ಶಾಸ್ತ್ರಿಗಳು ಸರ್ವರಿನಲ್ಲೂ ಅದೇ ಚೆಕ್ ಕಟ್ಟಿದರು. ಹಸಿರು ಟಿಕ್ ಬೀಳದೆ ಮರ್ಜ್ ಇಲ್ಲ.

ವಿಂಡೋಸ್ ಲ್ಯಾಪ್‌ಟಾಪಿನವರ ಗೋಳು ಬೇರೆ. ಅಲ್ಲಿ ಸಾಲು ಮುಗಿದಾಗ ಎರಡು ಗುರುತು ಬೀಳುತ್ತದೆ, ಲಿನಕ್ಸ್‌ನಲ್ಲಿ ಒಂದೇ. ಹೆಚ್ಚಾದ ಆ ಗುರುತು ಟೈಪ್‌ರೈಟರಿನ ಗಾಡಿಯನ್ನು ಬಲಕ್ಕೆ ತಳ್ಳುತ್ತಿದ್ದ ಕಾಲದ ಪಿತ್ರಾರ್ಜಿತ. ಒಬ್ಬಳು ಒಂದೇ ಪದ ತಿದ್ದಿದಳು, ಡಿಫ್ ತೆರೆದರೆ ಇಡೀ ಫೈಲು ಕೆಂಪು-ಹಸಿರು! ಅವತ್ತೇ ಗಿಟ್‌ಆಟ್ರಿಬ್ಯೂಟ್ಸ್ ಫೈಲಿಗೆ ಒಂದು ಸಾಲು ಬಿತ್ತು. ಯಾರ ಮನೆಯಿಂದ ಬಂದರೂ ಹೊಸಿಲಲ್ಲಿ ಕಾಲು ತೊಳೆದೇ ಒಳಗೆ. ನಿಜ ಹೇಳಬೇಕೆಂದರೆ ಆಮೇಲೆ ರಿವ್ಯೂನಲ್ಲಿ ಜಗಳ ನಿಂತಿತು. ಅವರೆದುರು ನಾನಿದನ್ನು ಒಪ್ಪಿಕೊಂಡಿಲ್ಲ.

ಎಡವಿದ್ದು ಶುದ್ಧಿಯ ದಿನ. ಒಂದು ಶನಿವಾರ ಹಳೇ ಕೋಡಿಗೆಲ್ಲ ಬ್ಲ್ಯಾಕ್ ಓಡಿಸಿ ಒಂದೇ ಕಮಿಟ್ ಮಾಡಿದರು. ಸೋಮವಾರ ಗಿಟ್ ಬ್ಲೇಮ್ ಹಾಕಿದರೆ ಎಲ್ಲಿ ನೋಡಿದರೂ ಶಾಸ್ತ್ರಿಗಳದೇ ಹೆಸರು. ಕೆಲಸ ಬಿಟ್ಟು ಹೋದವರ ಹಳೇ ಪಾಪವೂ ಇವರ ಖಾತೆಗೆ. ಇಂಥ ಕಮಿಟ್ ಲೆಕ್ಕಕ್ಕೆ ಬಾರದಂತೆ ಪಟ್ಟಿ ಕೊಡುವ ಸೌಲಭ್ಯ 2019ರಿಂದ ಗಿಟ್‌ನಲ್ಲಿದೆ, ಪಟ್ಟಿಯನ್ನೂ ಬರೆದಿಟ್ಟರು. ಆದರೆ ಆ ಸೆಟ್ಟಿಂಗ್ ಅವರವರೇ ಹಾಕಿಕೊಳ್ಳಬೇಕು. ಯಾರು ಹಾಕಿಕೊಳ್ಳುತ್ತಾರೆ?

ಮೊನ್ನೆ ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಕೂತುಬಿಟ್ಟಿತು. ಬ್ಲೇಮ್ ತೋರಿಸಿದ ಹೆಸರಿಗೆ ಫೋನ್ ಹೋಯಿತು.

"ಅಯ್ಯೋ, ಆ ಸಾಲು ನಾನು ಬರೆದಿದ್ದಲ್ಲ ಮಾರಾಯ, ನಾನು ಬರೀ ಸ್ಪೇಸ್ ಸರಿಮಾಡಿದ್ದು!"

ಆದರೂ ಕಾಲ್‌ಗೆ ಬಂದರು. ಮ್ಯಾನೇಜರು ಉಸಿರು ಬಿಗಿಹಿಡಿದು ಕೂತಿದ್ದಾರೆ. ಹೊಸ ಹುಡುಗ ಸ್ಕ್ರೀನ್ ತೋರಿಸುತ್ತ, ನಡುಗುವ ಕೈಯಲ್ಲಿ ಎರಡು ಸಾಲು ತಿದ್ದಿದ.

"ಸರಿಯಾಯ್ತಾ ಸಾರ್? ಕಳಿಸಲಾ?"

"ಲಾಜಿಕ್ ಸರಿ ಇದೆ. ತಡಿ, ಆ ಕೆಳಗಿನ ಸಾಲಿಗೆ ಹೋಗಿ ಒಂದ್ಸಲ ಎಂಡ್ ಕೀ ಒತ್ತು."